ಎರೆಮಣ್ಣಿನ ಹಿತ್ತಲಲ್ಲಿ ಪುಟ್ಟ ಕೋಣೆಗೆ ಪಾಯ

ಪ್ರಶ್ನೆ: ಗುದ್ದಲಿ, ಸಲಿಕೆ, ಔಷಧ ಹೊಡೆಯುವ ಪಂಪು ಮುಂತಾದವನ್ನು ಇಡಲು ಹಿತ್ತಲಲ್ಲಿ 10 ಅಡಿ ಅಗಲ, 12 ಅಡಿ ಉದ್ದದ, ತಗಡಿನ ಚಾವಣಿಯ ಕೋಣೆಯೊಂದನ್ನು ಕಟ್ಟಿಸಬೇಕೆಂದಿದ್ದೇನೆ. ನಮ್ಮದು ಆಳವಾದ ಎರೆಮಣ್ಣು. ಹಗುರವಾದ ಕೋಣೆಯಾದ್ದರಿಂದ ನೆಲ ಮಟ್ಟ ಮಾಡಿ ನಾಲ್ಕು ಇಂಚು ಕಾಂಕ್ರೀಟ್ ಹಾಕಿದರೆ ಸಾಕು, ಬೇಕಿದ್ದರೆ ಸಿಮೆಂಟ್ ಒಂದಿಷ್ಟು ಹೆಚ್ಚಿಸೋಣ ಎನ್ನುತ್ತಾರೆ ಮೇಸ್ತ್ರಿ. ಆದರೆ ಪಕ್ಕದ ಹೊಲದಲ್ಲಿ ಹೀಗೆಯೇ ಕಟ್ಟಿದ ಪಂಪ್‌ಸೆಟ್ ಕೋಣೆಯ ಗೋಡೆ ಎರಡೇ ವರ್ಷದಲ್ಲಿ ಸೀಳಿದೆ. ಏನು ಮಾಡಲಿ?
– ಓದುಗರೊಬ್ಬರು, ನರಗುಂದ

ಉತ್ತರ: ಆ ಪಂಪ್‌ಸೆಟ್ ಕೋಣೆಯ ಬಾಗಿಲನ್ನೊಮ್ಮೆ ಪರೀಕ್ಷಿಸಿ. ಮಳೆಗಾಲದಲ್ಲಿ ಭುಜ ಕೊಟ್ಟು ನೂಕಬೇಕಾದ ಬಾಗಿಲು ಬೇಸಿಗೆಯಲ್ಲಿ ಸರಾಗವಾಗಿ ತೆರೆಯುತ್ತಿದ್ದರೆ, ಮತ್ತು ಮರ ಉಬ್ಬಿತೆಂದು ಹೇಳಲಾಗದಂತೆ ಅದು ಕಬ್ಬಿಣದ ಬಾಗಿಲೇ ಆಗಿದ್ದರೆ, ಅಲುಗುತ್ತಿರುವುದು ಕೆಳಗಿನ ನೆಲವೆಂದು ತಿಳಿಯಿರಿ. ಎರೆಮಣ್ಣಿನ ಜೇಡಿಯಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜವು ತನ್ನ ಪದರಗಳ ನಡುವೆ ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಎರಡಂತಸ್ತಿನ ಮನೆಯ ಭಾರಕ್ಕೆ ಈ ಉಬ್ಬರ ಸ್ವಲ್ಪವಾದರೂ ತಗ್ಗೀತು. ನಿಮ್ಮ ತಗಡಿನ ಕೋಣೆಯನ್ನು ಅದು ಅನಾಯಾಸವಾಗಿ ಎತ್ತಿಬಿಡುತ್ತದೆ. ಹಗುರವೆಂಬ ಕಾರಣಕ್ಕೆ ನಿಶ್ಚಿಂತರಾಗಿರುವ ಮೇಸ್ತ್ರಿಯವರ ಲೆಕ್ಕ ತಪ್ಪುವುದು ಇಲ್ಲಿಯೇ. ಹೆಚ್ಚುವರಿ ಸಿಮೆಂಟಿನ ಹಣವನ್ನು ಅಗೆತಕ್ಕೂ ಗರಸಿಗೂ (ಹರಳು ಬೆರೆತ ಗಟ್ಟಿ ಮಣ್ಣು, ಮೊರಂ) ಖರ್ಚು ಮಾಡಿ.

ಕೋಣೆಯ ಅಳತೆಗಿಂತ ಸುತ್ತಲೂ ಎರಡಡಿ ಹೆಚ್ಚಿಗೆ, ಸುಮಾರು ಮೂರಡಿ ಆಳಕ್ಕೆ ಎರೆಮಣ್ಣನ್ನು ತೆಗೆಸಿ, ಆರಾರು ಇಂಚಿನ ಪದರಗಳಲ್ಲಿ ಗರಸು ತುಂಬಿ, ಪ್ರತಿ ಪದರಕ್ಕೂ ಹದವಾಗಿ ನೀರು ಚಿಮುಕಿಸಿ ದಮ್ಮಸು ಹೊಡೆಸಿ. ಉಸುಕು ತುಂಬಿಸುವ ವಾಡಿಕೆ ಕೆಲವೆಡೆ ಇದೆಯಾದರೂ ನಾನದನ್ನು ಒಪ್ಪುವುದಿಲ್ಲ. ಉಸುಕಿನ ಗುಂಡಿಯು ಮಳೆನೀರನ್ನು ತೊಟ್ಟಿಯಂತೆ ಹಿಡಿದಿಟ್ಟು ಕೆಳಗಿನ ಎರೆಗೆ ಕುಡಿಸುತ್ತದೆ. ಬೇಕಾದದ್ದು ಅಂಟು ಇದ್ದೂ ಉಬ್ಬದ ಮಣ್ಣು. ನಿಮ್ಮ ಭಾಗದ ಮಲಪ್ರಭಾ ಕಾಲುವೆಯ ಕೆಲಸದಲ್ಲಿಯೂ ಎರೆಯ ಉಬ್ಬರ ತಡೆಯಲು ಇಂಥ ಮಣ್ಣಿನ ಪದರವನ್ನೇ ಬಳಸಲಾಯಿತು.

ಗರಸಿನ ಮೇಲೆ ಮೂರು ಇಂಚು 1:4:8ರ (ಸಿಮೆಂಟ್, ಉಸುಕು, ಖಡಿಯ ಪ್ರಮಾಣ) ಬೆಡ್ ಕಾಂಕ್ರೀಟ್, ಅದರ ಮೇಲೆ ಐದು ಇಂಚಿನ ಕಾಂಕ್ರೀಟ್ ಚಪ್ಪಡಿ ಇರಲಿ. ಗೋಡೆ ಬರುವ ಅಂಚುಗಳಲ್ಲಿ ಒಂಬತ್ತು ಇಂಚು ಅಗಲಕ್ಕೆ ಚಪ್ಪಡಿಯ ದಪ್ಪವನ್ನು ಕೆಳಮುಖವಾಗಿ ಒಂದಡಿಗೆ ಹೆಚ್ಚಿಸಿ, ಎಂಟು ಎಂ.ಎಂ. ಸರಳುಗಳನ್ನು ಎರಡೂ ದಿಕ್ಕಿಗೆ ಎಂಟು ಇಂಚಿಗೊಂದರಂತೆ ಕಟ್ಟಿಸಿ, ಅಂಚಿನ ದಪ್ಪ ಭಾಗಕ್ಕೆ ಮೇಲೆ ಎರಡು, ಕೆಳಗೆ ಎರಡು ಹತ್ತು ಎಂ.ಎಂ. ಸರಳು ಕೊಡಿಸಿದರೆ, ನೆಲ ತುಸು ಅಲುಗಿದರೂ ಕೋಣೆ ಒಂದೇ ತುಂಡಾಗಿ ಅಲುಗುತ್ತದೆಯೇ ಹೊರತು ಸೀಳುವುದಿಲ್ಲ. ಹಲಗೆ ಕೂರಿಸಿದ ಮೇಲೆ ಕರ್ಣಗಳನ್ನು ಅಳೆಯಿರಿ: ಎರಡೂ 15 ಅಡಿ ಏಳೂವರೆ ಇಂಚಿನಷ್ಟು ಬಂದರೆ ಮೂಲೆಗಳು ಸರಿಯಾಗಿವೆ.

ಚಪ್ಪಡಿಗೆ ಒಟ್ಟು 70 ಘನ ಅಡಿಯಷ್ಟು ಕಾಂಕ್ರೀಟ್, ಅಂದರೆ 1:1½:3ರ ಮಿಶ್ರಣದಲ್ಲಿ ಸುಮಾರು 16 ಚೀಲ ಸಿಮೆಂಟ್ ಬೇಕು. ಬುಟ್ಟಿ ಲೆಕ್ಕವನ್ನು ನಂಬಬೇಡಿ. ಒಳಗಡೆ ಒಂದಡಿ ಉದ್ದ, ಒಂದಡಿ ಅಗಲ, 15 ಇಂಚು ಎತ್ತರವಿರುವ ಮರದ ಪೆಟ್ಟಿಗೆ ಮಾಡಿಸಿದರೆ ಅದು ಸರಿಯಾಗಿ ಒಂದು ಚೀಲ ಸಿಮೆಂಟಿನ ಅಳತೆ. ಚೀಲವೊಂದಕ್ಕೆ ಉಸುಕು ಒಂದೂವರೆ ಪೆಟ್ಟಿಗೆ, ಖಡಿ ಮೂರು ಪೆಟ್ಟಿಗೆ. ನೀರು ಚೀಲಕ್ಕೆ 27 ಲೀಟರ್ ಮೀರಬಾರದು, ಉಸುಕು ಹಸಿಯಾಗಿದ್ದರೆ ಇನ್ನೂ ಕಡಿಮೆ. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಅಂಗೈ ಒದ್ದೆಯಾಗಬೇಕು, ಬೆರಳ ಸಂದಿನಿಂದ ನೀರು ತೊಟ್ಟಿಕ್ಕಬಾರದು. ಎಳೆಯಲು ಸುಲಭವೆಂದು ಗಂಜಿಯಂತೆ ಕಲಸಿದ ಕಾಂಕ್ರೀಟು ಮುಂದೆ ಪ್ರತಿ ಸಲ ಗುಡಿಸಿದಾಗಲೂ ಬೂದಿಯಂತೆ ಏಳುತ್ತದೆ. ಬೆಳಿಗ್ಗೆ ಬೇಗ ಆರಂಭಿಸಿ ಒಂದೇ ದಿನದಲ್ಲಿ, ನಡುವೆ ನಿಲ್ಲಿಸದೆ ಮುಗಿಸಿ.

ಮರುದಿನದಿಂದ ಅಂಚಿಗೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಹಾರುಬೂದಿ ಬೆರೆತ, ನಿಧಾನವಾಗಿ ಬಲಗೊಳ್ಳುವ ಪಿ.ಪಿ.ಸಿ. ಸಿಮೆಂಟ್ ಆದ್ದರಿಂದ ಏಳು ದಿನ ಸಾಲದು, ನಿಮ್ಮ ಕಡೆಯ ಬಿಸಿಲಿಗೆ 14 ದಿನ ಬೇಕೇ ಬೇಕು. ಕೆಲಸಕ್ಕೆ ಹಿಂಗಾರಿ ಮಳೆ ಮುಗಿದ ನವೆಂಬರ್–ಡಿಸೆಂಬರ್ ಒಳ್ಳೆಯದು. ಏಪ್ರಿಲ್‌ನಲ್ಲಿ ಬಾಯ್ಬಿಟ್ಟ ನೆಲದ ಮೇಲೆ ಹಾಕಿದರೆ ಮೊದಲ ಮಳೆಗೇ ಅದು ಉಬ್ಬಲು ತೊಡಗುತ್ತದೆ.

ಕೋಣೆಯ ಸುತ್ತ ಮೂರಡಿ ಅಗಲದ, ಹೊರಕ್ಕೆ ಇಳಿಜಾರಾದ ಕಾಂಕ್ರೀಟ್ ಪಟ್ಟಿ ಹಾಕಿಸಿ, ಚಾವಣಿಯ ನೀರನ್ನು ಕೊಳವೆಯಲ್ಲಿ ದೂರಕ್ಕೆ ಬಿಡಿ. ಕೈ ತೊಳೆಯಲು ನಲ್ಲಿ ಬೇಕೆನಿಸಿದರೂ ಅದನ್ನು ಗೋಡೆಯ ಬುಡದಲ್ಲಿ ಮಾತ್ರ ಇಡಿಸಬೇಡಿ.