ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್‌ಗಳಲ್ಲಿ ಕ್ವಾಡ್ರೊ ಟಿ2000 ಅಂದ್ರೆ ಜಿಟಿಎಕ್ಸ್ 1650ಕ್ಕಿಂತ ಎರಡು ಪಟ್ಟು ಪವರ್ ಅಂತಾರಲ್ಲ, ನಿಜವೇ?

ನೀವು ಗಂಗಾವತಿಯಿಂದ ಕೇಳಿದ್ದು ಇಷ್ಟು: ಮೆಕ್ಯಾನಿಕಲ್ ಡಿಪ್ಲೊಮಾ ಓದ್ತಿದ್ದೀರಿ, ಸಾಲಿಡ್‌ವರ್ಕ್ಸ್, ಆಟೋಕ್ಯಾಡ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರ್ ಕಲಿಯಬೇಕು, ರಾತ್ರಿ ಒಂದೆರಡು ಗೇಮ್ ಆಡಬೇಕು. ಒಂದೇ ರೇಟಿಗೆ ಎರಡು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಸಿಗ್ತಿವೆ. ಒಂದು ಕಂಪನಿಯೊಂದರಿಂದ ವಾಪಸ್ ಬಂದ ಡೆಲ್ ಪ್ರಿಸಿಷನ್ 5540, ಕ್ವಾಡ್ರೊ ಟಿ2000 ಇರುವುದು, 65 ವ್ಯಾಟ್ ಚಾರ್ಜರ್ ಜೊತೆ. ಇನ್ನೊಂದು ದಪ್ಪನೆಯ ಗೇಮಿಂಗ್ ಲ್ಯಾಪ್‌ಟಾಪ್, ಜಿಟಿಎಕ್ಸ್ 1650 ಇರುವುದು. "ಕ್ವಾಡ್ರೊ ಇಂಜಿನಿಯರ್‌ಗಳದ್ದು ಸಾರ್, ಎರಡು ಪಟ್ಟು ಪವರ್" ಅಂತ ಅಂಗಡಿಯವರು ಹೇಳಿದ್ದನ್ನು ನಂಬಬಹುದೇ ಅಂತ.

ನಂಬಬೇಡಿ. ಎರಡರೊಳಗೂ ಇರುವುದು ಒಂದೇ ಚಿಪ್. ಅದನ್ನು ಮಾಡಿದ ಎನ್‌ವಿಡಿಯಾ ಕಂಪನಿಯವರು ಟಿಯು117 ಅಂತ ಕರೀತಾರೆ. ಎರಡರಲ್ಲೂ 1024 ಕೋರ್ (ಲೆಕ್ಕ ಮಾಡುವ ಸಣ್ಣ ಘಟಕಗಳು), 4 ಜಿಬಿ ಮೆಮೊರಿ. ಬೇಕಾದರೆ ಡೆಲ್‌ನವರದ್ದೇ ಎಕ್ಸ್‌ಪಿಎಸ್ 15 7590 ನೋಡ್ರಿ. ಅದೂ 5540ಯೂ ಅವಳಿ ಮಕ್ಕಳ ಹಾಗೆ, ಮೈಕಟ್ಟು ಒಂದೇ. ಮನೆ ಮಂದಿಗೆ ಅಂತ ಮಾರಿದ್ದರಲ್ಲಿ 1650 ಹಾಕಿದರು, ಆಫೀಸಿಗೆ ಅಂತ ಮಾರಿದ್ದರಲ್ಲಿ ಟಿ2000.

ಹಾಗಾದರೆ ಕ್ವಾಡ್ರೊಗೆ ಕಂಪನಿಗಳು ಜಾಸ್ತಿ ದುಡ್ಡು ಕೊಡೋದು ಯಾಕೆ? ಡ್ರೈವರ್‌ಗೆ, ಅಂದರೆ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್‌ಗೆ. ನಾನು ಬಳ್ಳಾರಿಯ ಒಂದು ಫ್ಯಾಬ್ರಿಕೇಶನ್ ಶಾಪಿನಲ್ಲಿ ಡ್ರಾಯಿಂಗ್ ಕೆಲಸ ಮಾಡ್ತೀನಿ. ಸಂಡೂರು ಕಡೆಯ ಗಣಿಗಳ ಕನ್ವೇಯರ್, ಹಾಪರ್, ಚ್ಯೂಟ್, ಇಂಥವು. ಶಾಪಿನಲ್ಲಿ ಟಿ2000, ಮನೆಯಲ್ಲಿ 1650, ಹಾಗಾಗಿ ಎರಡರ ಗುಣವೂ ಗೊತ್ತು. ರೋಲರ್, ಬ್ರಾಕೆಟ್, ನಟ್ಟು ಬೋಲ್ಟು ಎಲ್ಲ ಸೇರಿ ಸಾವಿರ ದಾಟಿದ ಅಸೆಂಬ್ಲಿಯನ್ನು ಅಂಚಿನ ಗೆರೆಗಳ ಸಮೇತ ತಿರುಗಿಸಿದರೆ ಮನೆಯದ್ದು ತಡವರಿಸುತ್ತೆ, ಶಾಪಿನದ್ದು ಸಲೀಸಾಗಿ ತಿರುಗುತ್ತೆ. ಸಾಲಿಡ್‌ವರ್ಕ್ಸ್ ಚಿತ್ರ ಬಿಡಿಸುವುದು ಓಪನ್‌ಜಿಎಲ್‌ನಲ್ಲಿ, ಅಂದರೆ ಸಾಫ್ಟ್‌ವೇರ್ ಗ್ರಾಫಿಕ್ಸ್ ಚಿಪ್ ಜೊತೆ ಮಾತಾಡುವ ಒಂದು ಭಾಷೆಯಲ್ಲಿ. ಅದರಲ್ಲಿ ನಯವಾದ ಗೆರೆ ಎಳೆಯುವುದು, ಒಂದೇ ಮುಖಕ್ಕೆ ಎರಡೂ ಕಡೆಯಿಂದ ಬೆಳಕು ಹಾಕುವುದು, ಇಂಥ ಕೆಲಸಗಳನ್ನು ಕ್ವಾಡ್ರೊ ಡ್ರೈವರ್ ಪೂರ್ತಿ ವೇಗದಲ್ಲಿ ಮಾಡಿಕೊಡುತ್ತೆ. 1650ರಂಥ ಗೇಮಿಂಗ್ ಚಿಪ್‌ಗಳ ಜಿಫೋರ್ಸ್ ಡ್ರೈವರ್ ಮಾಡಲ್ಲ. ಚಿಪ್‌ಗೆ ತಾಕತ್ತಿಲ್ಲ ಅಂತಲ್ಲ, ಬೀಗ ಹಾಕಿಟ್ಟಿದ್ದಾರೆ.

ಇದು ನನ್ನ ಊಹೆಯಲ್ಲ. 2017ರಲ್ಲಿ ಎನ್‌ವಿಡಿಯಾದವರೇ ಟೈಟಾನ್ ಎಕ್ಸ್‌ಪಿ ಅನ್ನುವ ತಮ್ಮ ಗ್ರಾಫಿಕ್ಸ್ ಕಾರ್ಡಿಗೆ ಒಂದು ಹೊಸ ಡ್ರೈವರ್ ಬಿಟ್ಟು, 3ಡಿ ಅನಿಮೇಶನ್ ಮಾಡುವ ಮಾಯಾದಂಥ ಸಾಫ್ಟ್‌ವೇರ್‌ಗಳಲ್ಲಿ ವೇಗ 3 ಪಟ್ಟು ಏರುತ್ತೆ ಅಂದರು. ಕಾರ್ಡು ಅದೇ, ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ. ಆಗ ಎದುರಾಳಿ ಕಂಪನಿ ಎಎಂಡಿಯ ವೇಗಾ ಫ್ರಾಂಟಿಯರ್ ಕಾರ್ಡು ಮಾರುಕಟ್ಟೆಗೆ ಬಂದು ಪೈಪೋಟಿ ಕೊಡ್ತಿತ್ತು, ಅದಕ್ಕೇ ಬೀಗ ಸ್ವಲ್ಪ ಸಡಿಲವಾಯಿತು ಅನ್ಸುತ್ತೆ.

ಸಾಲಿಡ್‌ವರ್ಕ್ಸ್‌ನ ರಿಯಲ್‌ವ್ಯೂ ಅನ್ನುವ ಬಟನ್ ಕೂಡ ಹಾಗೇ. ಒತ್ತಿದರೆ ಸ್ಟೀಲ್ ಸ್ಟೀಲ್‌ನಂತೆ ಹೊಳೆಯುತ್ತೆ. 1650ರಲ್ಲಿ ಆ ಬಟನ್ ಮಂಕಾಗಿ ಕೂತಿರುತ್ತೆ. ವಿಂಡೋಸ್‌ನ ಒಳಗಿನ ಸೆಟ್ಟಿಂಗ್ (ರಿಜಿಸ್ಟ್ರಿ) ತಿದ್ದಿ ಚಾಲೂ ಮಾಡುವ ಉಪಾಯ ಯೂಟ್ಯೂಬಿನಲ್ಲಿದೆ, ನಾನೂ ಮಾಡಿ ನೋಡಿ ಬೇಜಾರಾಗಿ ಬಿಟ್ಟೆ. ಕಲಿಯುವವರಿಗೆ ಅದಿಲ್ಲದಿದ್ದರೂ ಏನೂ ನಷ್ಟವಿಲ್ಲ.

ಆಟೋಕ್ಯಾಡ್‌ಗೆ ಇದ್ಯಾವುದೂ ಬೇಕಿಲ್ಲ. ಅದು ಓಪನ್‌ಜಿಎಲ್ ಬದಲು ಡೈರೆಕ್ಟ್‌ಎಕ್ಸ್ ಬಳಸುತ್ತೆ, 2ಡಿ ಡ್ರಾಯಿಂಗ್‌ನಲ್ಲಿ ಹೆಚ್ಚು ಭಾರ ಬೀಳುವುದು ಸಿಪಿಯು, ಅಂದರೆ ಮುಖ್ಯ ಪ್ರೊಸೆಸರ್ ಮೇಲೆ. ಸಾಲಿಡ್‌ವರ್ಕ್ಸ್‌ನಲ್ಲೂ ರೀಬಿಲ್ಡ್ (ಏನಾದರೂ ತಿದ್ದಿದ ಮೇಲೆ ಮಾಡೆಲ್ ಮತ್ತೆ ಲೆಕ್ಕ ಹಾಕುವುದು) ತಡವಾದರೆ ಗ್ರಾಫಿಕ್ಸ್ ಕಾರ್ಡನ್ನು ಬೈದು ಪ್ರಯೋಜನವಿಲ್ಲ. ಗೇಮ್ ಎರಡರಲ್ಲೂ ಆಡಬಹುದು. ಹೊಚ್ಚ ಹೊಸ ಗೇಮಿನ ತೊಂದರೆಗಳಿಗೆ ಪರಿಹಾರ ಕ್ವಾಡ್ರೊ ಡ್ರೈವರ್‌ಗೆ ಸ್ವಲ್ಪ ತಡವಾಗಿ ಬರುತ್ತೆ, ಅಷ್ಟೇ.

ಹೆಸರು ನೋಡಿ ಮಾತ್ರ ಮೋಸ ಹೋಗಬೇಡಿ. ನಮ್ಮ ತಂಗಿ ಗಂಡ ರಾಯಚೂರಿನಲ್ಲಿ "ಆರ್‌ಟಿಎಕ್ಸ್ 3000 ಸಾರ್, 3050, 3060 ಎಲ್ಲ ಇದೇ ಸೀರೀಸು" ಅನ್ನುವ ಮಾತು ಕೇಳಿ ಒಂದು ಲ್ಯಾಪ್‌ಟಾಪ್ ತಂದರು. ಮನೆಗೆ ಬಂದು ನೋಡಿದರೆ ಅದು ಕ್ವಾಡ್ರೊ ಆರ್‌ಟಿಎಕ್ಸ್ 3000. 2019ರ ಚಿಪ್, 1920 ಕೋರ್, 6 ಜಿಬಿ, ಅಂದರೆ ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 2060ಕ್ಕೆ ಜೋಡಿ. ಒಂದು ತಲೆಮಾರು ಹಿಂದಿನದು. ಅಂಗಡಿಯವರು ವಾಪಸ್ ತಗೊಳ್ಳಲ್ಲ ಅಂದರು. ತಂಗಿ ಗಂಡನಿಗೆ ಇನ್ನೂ ನನ್ನ ಮೇಲೇ ಮುನಿಸು, ಮೊದಲೇ ಯಾಕೆ ಹೇಳಲಿಲ್ಲ ಅಂತ. ಲ್ಯಾಪ್‌ಟಾಪಿನ ಕ್ವಾಡ್ರೊ ಪಿ2000 ಅಂದರೂ ಅಷ್ಟೇ: 768 ಕೋರ್, ಜಿಟಿಎಕ್ಸ್ 1050 ಟಿಐ ಜೋಡಿ. 2020ರಲ್ಲಿ ಹೊಸ ಕಾರ್ಡುಗಳಿಂದ ಕ್ವಾಡ್ರೊ ಅನ್ನುವ ಹೆಸರನ್ನೇ ತೆಗೆದ ಮೇಲೆ ಗೊಂದಲ ಇನ್ನೂ ಹೆಚ್ಚಾಯಿತು. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸಿಸ್ಟಮ್ ಇನ್‌ಫರ್ಮೇಶನ್ ತೆರೆದರೆ "CUDA Cores" ಅಂತ ಕೋರ್‌ಗಳ ಸಂಖ್ಯೆ ಇರುತ್ತೆ. ಅಂಗಡಿಯಲ್ಲಿ ನಿಂತೇ ಅದನ್ನು ನೋಡಿ.

ಕೋರ್ ಸಮ ಇದ್ದರೂ ಚಿಪ್‌ಗೆ ಸಿಗುವ ವ್ಯಾಟ್ ಸಮ ಇರಬೇಕಲ್ಲ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಒಂದಕ್ಕೇ 35ರಿಂದ 115 ವ್ಯಾಟ್ ತನಕ ಅಂತರವಿದೆ, ಕೊಡುವುದು ಎಷ್ಟು ಅನ್ನೋದು ಲ್ಯಾಪ್‌ಟಾಪ್ ಮಾಡಿದವರ ಕೈಯಲ್ಲಿ. ತೆಳು ಮೈಯೊಳಗೆ ಬಿಸಿ ಹೊರಹೋಗದಿದ್ದರೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತೆ. ನಮ್ಮ ಕಡೆ ಏಪ್ರಿಲ್, ಮೇ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಎಸಿ ಆಫೀಸಿನಲ್ಲಿ ತಣ್ಣಗೆ ಬಾಳಿದ ಯಂತ್ರ ಇಲ್ಲಿ ತಗಡಿನ ಶೆಡ್ಡಿಗೆ ಬಂದರೆ ಬುಸುಗುಡುತ್ತೆ. ಹೋದ ಬೇಸಿಗೆಯಲ್ಲಿ ಶಾಪಿನ ಟಿ2000 ನನ್ನ 1650ಕ್ಕಿಂತ ನಿಧಾನ ಆಯಿತು. ಹಿಂಬದಿ ಮುಚ್ಚಳ ಬಿಚ್ಚಿದರೆ ಫ್ಯಾನಿನ ಮುಂದಿನ ರೆಕ್ಕೆಗಳ ಸಂದಿಯಲ್ಲಿ ಅದಿರಿನ ಕೆಂಪು ಧೂಳು ಕುಂಕುಮದ ಹಾಗೆ ಕಟ್ಟಿಕೊಂಡಿತ್ತು. ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಕೆರೆದು ಹೊಸದು ಹಚ್ಚಿದ ಮೇಲೆ ಮೊದಲಿನಂತಾಯಿತು.

ನಿಮ್ಮ ಜಾಗದಲ್ಲಿ ನಾನಿದ್ದರೆ 5540 ತಗೊಳ್ಳುತ್ತಿದ್ದೆ, ಸಾಲಿಡ್‌ವರ್ಕ್ಸ್ ದಿನಾ ಬಳಸೋದೇ ಆದರೆ ಮಾತ್ರ. ಬರೀ ಆಟೋಕ್ಯಾಡ್ ಮತ್ತು ಗೇಮ್ ಆದರೆ ಆ ದಪ್ಪ ಗೇಮಿಂಗ್ ಲ್ಯಾಪ್‌ಟಾಪೇ ವಾಸಿ, ಅದರಲ್ಲಿ ಗಾಳಿಗೆ ಜಾಗ ಜಾಸ್ತಿ. ಯಾವುದೇ ಆಗಲಿ, ದುಡ್ಡು ಕೊಡುವ ಮುಂಚೆ ಅರ್ಧ ಗಂಟೆ ಭಾರದ ಕೆಲಸ ಓಡಿಸಿ ನೋಡಿ. ಕಂಪನಿಯಿಂದ ಬಂದದ್ದಾದರೆ ಬಯೋಸ್‌ಗೆ (ವಿಂಡೋಸ್‌ಗಿಂತ ಮೊದಲು ತೆರೆಯುವ ಲ್ಯಾಪ್‌ಟಾಪಿನ ಸೆಟ್ಟಿಂಗ್) ಹಳೆಯ ಪಾಸ್‌ವರ್ಡ್ ಉಳಿದಿದೆಯಾ ಅಂತಲೂ ನೋಡಿ.

ಆಮೇಲೆ ಆ 65 ವ್ಯಾಟ್ ಚಾರ್ಜರ್. 5540 ಜೊತೆ ಬರುವುದು 130 ವ್ಯಾಟಿನದು. ಚಿಕ್ಕದನ್ನು ಚುಚ್ಚಿದರೆ ಸಿಪಿಯು, ಗ್ರಾಫಿಕ್ಸ್ ಎರಡೂ ಕುಂಟುತ್ತವೆ, ಆಗ ಯಾವ ಚಿಪ್ ಇದ್ದರೂ ಒಂದೇ. ಒರಿಜಿನಲ್ ಚಾರ್ಜರ್ ಕೊಡಲ್ಲ ಅಂದರೆ ಅದರ ಬೆಲೆಯನ್ನು ರೇಟಿನಲ್ಲಿ ಮುರಿದುಕೊಳ್ಳಿ.