ಮಗನಿಗೆ ಅಮ್ಮ ಎದ್ದಿದೆ, ನಾನು ಬಸುರಿ. ಬೇವು ಸಾಕಾ, ಆಸ್ಪತ್ರೆಗೆ ಹೋಗಬೇಕಾ?

ನೀವು ಬರೆದಿರೋದು ಇಷ್ಟು: ದಾವಣಗೆರೆ ಹಳೇಪೇಟೆ ಕಡೆ ಮನೆ. ನಾಲ್ಕು ವರ್ಷದ ಮಗನಿಗೆ ಮೂರು ದಿನದಿಂದ ಮೈತುಂಬ ನೀರುಗುಳ್ಳೆ, ಅನ್ನ ನುಂಗೋಕೆ ಅಳ್ತಾನೆ. ಅತ್ತೆಯವರು ‘ದುಗ್ಗಮ್ಮ ಬಂದಾಳೆ, ಆಸ್ಪತ್ರೆಗೆ ಹೋದ್ರೆ ಮುನಿಸ್ಕೊಂತಾಳೆ’ ಅಂತ ಬಾಗಿಲಿಗೆ ಬೇವು ಕಟ್ಟಿ ಕೂತಿದ್ದಾರೆ. ನಿಮಗೆ ಆರು ತಿಂಗಳು. ನಿಮಗಾಗಲಿ ಗಂಡನಿಗಾಗಲಿ ಚಿಕ್ಕಂದಿನಲ್ಲಿ ಅಮ್ಮ ಆಗಿತ್ತೋ ಇಲ್ಲವೋ ಗೊತ್ತಿಲ್ಲ. ಮುಂದಿನ ವಾರ ಜಗಳೂರಿನ ತವರಲ್ಲಿ ತಂಗಿಯ ಕೂಸಿಗೆ ತೊಟ್ಟಿಲು ಶಾಸ್ತ್ರ, ಹೋಗಬಹುದಾ ಅಂತಲೂ ಕೇಳಿದ್ದೀರಿ.

ನಾನು ಡಾಕ್ಟರಲ್ಲ. ಇದೇ ಜಿಲ್ಲೆಯ ಹಳ್ಳಿಗಳಲ್ಲಿ ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ತಿರುಗಿ ನಿವೃತ್ತಳಾದ ಆರೋಗ್ಯ ಸಹಾಯಕಿ. ನಿಮ್ಮ ಪ್ರಶ್ನೆ ಓದಿದಾಗ ನನಗೆ ಹೆದರಿಕೆ ಆಗಿದ್ದು ಮಗನ ಬಗ್ಗೆ ಅಲ್ಲವೇ ಅಲ್ಲ, ನಿಮ್ಮ ಬಗ್ಗೆ. ನೀವು ಹೇಳ್ತಿರೋ ಈ ‘ಅಮ್ಮ’ ಬಹುಶಃ ಚಿಕನ್‌ಪಾಕ್ಸ್; ಹುಡುಗನ ವಿಚಾರ ಆಮೇಲೆ. ಮೊದಲು ನಿಮ್ಮ ತಾಯಿಗೊಂದು ಫೋನ್ ಮಾಡಿ, ‘ನನಗೆ ಸಣ್ಣವಳಿದ್ದಾಗ ಅಮ್ಮ ಆಗಿತ್ತಾ’ ಅಂತ ಕೇಳಿ.

ಆಗಿತ್ತು, ಮೈಮೇಲೆ ಒಂದೆರಡು ಕಲೆಯೂ ಇದೆ ಅಂದರೆ ಅರ್ಧ ಚಿಂತೆ ಅಲ್ಲಿಗೇ ಮುಗಿಯಿತು. ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರೋದಿಲ್ಲ. ‘ಇಲ್ಲ’ ಅಥವಾ ‘ನೆನಪಿಲ್ಲ’ ಅಂದರೆ ಇವತ್ತೇ ಹೆರಿಗೆ ಡಾಕ್ಟರಿಗೆ ಫೋನ್ ಮಾಡಿ. ಫೋನ್ ಮಾಡಿ ಅಂತ ಬೇಕಂತಲೇ ಹೇಳ್ತಿದ್ದೀನಿ. ಗುಳ್ಳೆ ಎದ್ದಿರೋ ಮಗನನ್ನು ಸೊಂಟಕ್ಕೆತ್ತಿಕೊಂಡು ಬಸುರಿಯರ ಸಾಲಿನಲ್ಲಿ ಹೋಗಿ ಕೂರಬೇಡಿ. ‘ವಾರಿಸೆಲ್ಲಾ ಐಜಿಜಿ’ ಅಂತ ಒಂದು ರಕ್ತಪರೀಕ್ಷೆ ಇದೆ, ವಾರಿಸೆಲ್ಲಾ ಅಂದರೆ ಚಿಕನ್‌ಪಾಕ್ಸೇ. ಅದು ಪಾಸಿಟಿವ್ ಬಂದರೆ ನಿಮ್ಮ ರಕ್ತದಲ್ಲಿ ರಕ್ಷಣೆ ಇದೆ ಅಂತ ಅರ್ಥ, ಗಾಬರಿ ಬೀಳಬೇಡಿ. ನೆಗೆಟಿವ್ ಬಂದರೆ ಸಿದ್ಧ ರಕ್ಷಣೆ ಕೊಡೋ ಇಮ್ಯುನೊಗ್ಲೋಬ್ಯುಲಿನ್ ಇಂಜೆಕ್ಷನ್ನೋ ವೈರಸ್ ತಡೆಯೋ ಅಸೈಕ್ಲೋವಿರ್ ಮಾತ್ರೆಯೋ ಅಂತ ಡಾಕ್ಟರು ತೀರ್ಮಾನ ಮಾಡ್ತಾರೆ. ಆ ಇಂಜೆಕ್ಷನ್ ಸೋಂಕು ತಗುಲಿದ ಹತ್ತು ದಿನದೊಳಗೆ ಬೀಳಬೇಕು, ಎಷ್ಟು ಬೇಗ ಬಿದ್ದರೆ ಅಷ್ಟು ಒಳ್ಳೇದು. ಗುಳ್ಳೆ ಕಾಣೋಕೆ ಒಂದೆರಡು ದಿನ ಮೊದಲಿಂದಲೇ ಮಗನ ಉಸಿರಲ್ಲಿ ವೈರಸ್ ಇರುತ್ತೆ. ಹಾಗಾಗಿ ನಿಮ್ಮ ಲೆಕ್ಕ ಶುರುವಾಗಿ ಆಗಲೇ ಐದು ದಿನ ಆಯ್ತು ಅಂದುಕೊಳ್ಳಿ. ನಾಳೆ ಅಮಾವಾಸ್ಯೆ, ನಾಡಿದ್ದು ನೋಡೋಣ ಅನ್ನೋ ಸಮಯ ಇದಲ್ಲ.

ಯಾಕಿಷ್ಟು ಒತ್ತಿ ಹೇಳ್ತೀನಿ ಅಂದರೆ, ಮಕ್ಕಳಿಗೆ ಒಂದು ವಾರ ಕೆರೆಸಿ ಹೋಗೋ ಈ ಕಾಯಿಲೆ ದೊಡ್ಡವರ ಶ್ವಾಸಕೋಶಕ್ಕೆ ಇಳಿದುಬಿಡಬಹುದು. ಬಸುರಿಯರಿಗೆ, ಅದರಲ್ಲೂ ದಿನ ತುಂಬುತ್ತಾ ಬಂದವರಿಗೆ, ಆ ನ್ಯುಮೋನಿಯಾ ಜೀವಕ್ಕೆ ಬರಬಹುದು. ಹೊಟ್ಟೆಯೊಳಗಿನ ಕೂಸಿಗೆ ಊನ ಆಗೋ ಭಯ ಇರೋದು ಹೆಚ್ಚಾಗಿ ಮೊದಲ ಐದು ತಿಂಗಳಲ್ಲಿ, ಅದೂ ನೂರಕ್ಕೆ ಎರಡರ ಒಳಗೆ. ನೀವು ಅದನ್ನು ದಾಟಿದ್ದೀರಿ. ಇನ್ನೊಂದು ಕೆಟ್ಟ ಸಮಯ ಹೆರಿಗೆಯ ಆಸುಪಾಸು. ಹೆರಿಗೆಗೆ ಐದು ದಿನ ಮುಂಚಿನಿಂದ ಎರಡು ದಿನ ಆಮೇಲಿನವರೆಗೆ ತಾಯಿಗೆ ಗುಳ್ಳೆ ಎದ್ದರೆ, ಕೂಸಿಗೆ ವೈರಸ್ ಸಿಗುತ್ತೆ, ತಾಯಿಯಿಂದ ರಕ್ಷಣೆ ಸಿಕ್ಕಿರೋದಿಲ್ಲ. ನಿಮಗೆ ಅದಕ್ಕಿನ್ನೂ ದೂರ ಇದೆ. ಆದರೂ ಮೈಮೇಲೆ ಒಂದೇ ಒಂದು ಗುಳ್ಳೆ ಕಂಡರೂ 24 ಗಂಟೆಯೊಳಗೆ ಆ ಅಸೈಕ್ಲೋವಿರ್ ಮಾತ್ರೆ ಶುರುವಾಗಬೇಕು. ಬಸುರಿಯರಿಗೆ ಚಿಕನ್‌ಪಾಕ್ಸ್ ಲಸಿಕೆ ಹಾಕೋದಿಲ್ಲ, ಅದು ಜೀವಂತ ಲಸಿಕೆ.

ಗಂಡನ ವಿಚಾರ ಎರಡೇ ಮಾತು. ಆಗಿಲ್ಲ ಅನ್ನೋದಾದರೆ ಲಸಿಕೆ ಹಾಕಿಸಬಹುದು. ಸೋಂಕಿನ ಮೂರು ದಿನದೊಳಗೆ ಬಿದ್ದರೆ ಚೆನ್ನಾಗಿ ತಡೆಯುತ್ತೆ, ಐದು ದಿನದವರೆಗೂ ಅಷ್ಟಿಷ್ಟು ಪ್ರಯೋಜನ ಇದೆ. ಬೀಡಿ ಸಿಗರೇಟು ಸೇದೋರಾದರೆ ಈ ನ್ಯುಮೋನಿಯಾ ಇನ್ನೂ ಜೋರು, ಅದನ್ನೂ ಅವರ ಕಿವಿಗೆ ಹಾಕಿ.

ಈಗ ಹುಡುಗ. ಇದು ಚಿಕನ್‌ಪಾಕ್ಸೇ ಹೌದಾ ಅಂತ ನೋಡೋಣ. ಅಂಗಿ ಬಿಚ್ಚಿ ಕಿಟಕಿ ಬೆಳಕಿಗೆ ನಿಲ್ಲಿಸಿ. ಎದೆ, ಹೊಟ್ಟೆ, ಬೆನ್ನ ಮೇಲೆ ಜಾಸ್ತಿ, ಕೈಕಾಲಿಗೆ ಕಡಿಮೆ ಇರಬೇಕು. ಒಂದೇ ಅಂಗೈಯಗಲ ಜಾಗದಲ್ಲಿ ಕೆಂಪು ಚುಕ್ಕೆ, ತೆಳು ಚರ್ಮದ ನೀರುಗುಳ್ಳೆ, ನಡುವೆ ಕುಳಿಬಿದ್ದು ಒಣಗುತ್ತಿರೋದು, ಕಪ್ಪು ಹೊಪ್ಪಳೆ, ನಾಲ್ಕೂ ಒಟ್ಟಿಗೆ ಕಂಡರೆ ಅದೇ. ತಲೆಗೂದಲ ಬುಡದಲ್ಲೂ, ಬಾಯೊಳಗೂ ಒಂದೆರಡು ಸಿಗುತ್ತವೆ. ಅನ್ನ ನುಂಗೋಕೆ ಅಳ್ತಾನೆ ಅಂತ ಬರೆದಿದ್ದೀರಲ್ಲ, ಅದಕ್ಕೇ.

ದಡಾರದ ಲಕ್ಷಣವೇ ಬೇರೆ. ನಮ್ಮ ಕಡೆ ಕೆಲವರು ಗೊಬ್ಬರ ಅಂತಾರೆ. ಅದರಲ್ಲಿ ನೀರುಗುಳ್ಳೆ ಇರೋದಿಲ್ಲ. ಮೊದಲು ಮೂರ್ನಾಲ್ಕು ದಿನ ಸುಡುಸುಡು ಜ್ವರ, ಕೆಮ್ಮು, ಸುರಿಯೋ ಮೂಗು, ಕೆಂಡದಂಥ ಕಣ್ಣು. ಆಮೇಲೆ ಕಿವಿಯ ಹಿಂದಿಂದ, ಮುಖದಿಂದ ಶುರುವಾಗಿ ಕೆಳಕ್ಕಿಳಿಯೋ ಕೆಂಪು ದದ್ದು. ಮನೆಯವರಿಗೆ ಎರಡೂ ‘ಅಮ್ಮ’ನೇ, ಎರಡಕ್ಕೂ ಅದೇ ಬೇವು. ಆದರೆ ದಡಾರ ಮಕ್ಕಳನ್ನು ಕೊಲ್ಲುತ್ತೆ. ನ್ಯುಮೋನಿಯಾ, ಭೇದಿ, ಕಿವಿ ಸೋರೋದು, ಕಣ್ಣು ಹೋಗೋದು, ಸಾವಿರಕ್ಕೊಂದು ಮಗುವಿಗೆ ಮೆದುಳಿನ ಊತ. ಬೇರೆ ರೋಗಗಳ ವಿರುದ್ಧ ಮೈ ಕಲಿತಿದ್ದನ್ನೂ ಅದು ಅಳಿಸಿ ಹೋಗುತ್ತೆ. ವಾಸಿಯಾದ ಮಗು ಆಮೇಲೆ ತಿಂಗಳುಗಟ್ಟಲೆ ಹುಷಾರು ತಪ್ಪುತ್ತಲೇ ಇರೋದು ಅದಕ್ಕೇ. ಅಂಥ ಮಗುವಿಗೆ ವಿಟಮಿನ್ ಎ ಎರಡು ದಿನ ಬಾಯಿಗೆ ಹಾಕಬೇಕು, ಒಂದು ವರ್ಷ ದಾಟಿದ್ದರೆ ಪ್ರತಿ ಸಲ 2 ಲಕ್ಷ ಯೂನಿಟ್. ಇದು ದೇವಸ್ಥಾನದಲ್ಲಿ ಸಿಗಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತೆ. ಅದಕ್ಕೇ ಜ್ವರ ಮತ್ತು ದದ್ದು ಒಟ್ಟಿಗೆ ಇದ್ದರೆ ಆಶಾ ಕಾರ್ಯಕರ್ತೆಗೆ ಒಂದು ಮಾತು ತಿಳಿಸಿ, ಬೇಕಿದ್ದರೆ ರಕ್ತದ ಮಾದರಿ ಪರೀಕ್ಷೆಗೆ ಕಳಿಸ್ತಾರೆ. ಮಗನ ತಾಯಿ ಕಾರ್ಡ್ ತೆಗೆದು ನೋಡಿ: ಎಂಆರ್ (ದಡಾರ-ರುಬೆಲ್ಲಾ) ಲಸಿಕೆ 9 ತಿಂಗಳಿಗೊಂದು, ಒಂದೂವರೆ ವರ್ಷದ ಸುಮಾರಿಗೊಂದು ಬಿದ್ದಿರಬೇಕು.

ಅತ್ತೆಯವರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕೆಂದರೆ ನಿಮ್ಮ ಬರಹದಲ್ಲಿ ಸಿಟ್ಟಿದೆ. ಅವರ ವಯಸ್ಸಿನವರು ಮೈಲಿ ಬೇನೆ ಕಂಡವರು. ಆ ಸಿಡುಬು ಹಿಡಿದ ಹತ್ತು ಜನರಲ್ಲಿ ಸುಮಾರು ಮೂವರು ಉಳೀತಿರಲಿಲ್ಲ, ಉಳಿದವರ ಮುಖ ತೂತು, ಕೆಲವರ ಕಣ್ಣು ಹೋಗಿರೋದು. ಔಷಧ ಅನ್ನೋದೇ ಇರಲಿಲ್ಲ. ಭಾರತದಲ್ಲಿ ಅದರ ಕೊನೆಯ ರೋಗಿ ಸಿಕ್ಕಿದ್ದು 1975ರಲ್ಲಿ, ಜಗತ್ತಿಂದ ಹೋಯ್ತು ಅಂತ ಸಾರಿದ್ದು 1980ರಲ್ಲಿ. ಓಡಿಸಿದ್ದು ಲಸಿಕೆ. ಅತ್ತೆಯವರ ತೋಳಿನ ಮೇಲೆ ದುಂಡನೆಯ ಕಲೆ ಇದೆಯಾ ನೋಡಿ, ‘ದೇವಿ ಹಾಕೋರು’ ಹಾಕಿ ಹೋದ ಗುರುತು ಅದು. ರೋಗ ಹೋದರೂ ಅದರ ಮಡಿಯೆಲ್ಲ ಈ ಸಣ್ಣ ಅಮ್ಮನಿಗೆ ಉಳಿದುಕೊಂಡಿದೆ.

ಆ ಮಡಿಯಲ್ಲಿ ಅರ್ಧಕ್ಕರ್ಧ ನನಗೂ ಒಪ್ಪಿಗೆ. ಬಾಗಿಲಿಗೆ ಕಟ್ಟಿದ ಬೇವು ನೋಡಿ ಪಕ್ಕದ ಮನೆಯ ಕೂಸು ಒಳಗೆ ಬರಲ್ಲ, ಯಾವ ಇಲಾಖೆಯ ನೋಟಿಸೂ ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದು ನಾನು ಕಾಣೆ. ಹೊರಗಿನವರು ಬರಬಾರದು, ಮನೆಯವರು ಮದುವೆ ಮುಂಜಿಗೆ ಹೋಗಬಾರದು, ಹುಡುಗನಿಗೆ ಬೇರೆ ಹಾಸಿಗೆ, ಬೇರೆ ಬಟ್ಟೆ, ಎಲ್ಲ ಸರಿ. ಕೆರೆದುಕೊಳ್ಳೋ ಬದಲು ತೊಳೆದ ಬೇವಿನ ಕುಂಚದಿಂದ ಮೆಲ್ಲಗೆ ಸವರೋದೂ ಸರಿ. ಒಗ್ಗರಣೆ ಚಟಪಟ ಅನ್ನಿಸಬಾರದು ಅಂದರೆ ಅನ್ನಿಸಬೇಡಿ, ಯಾರಿಗೂ ನಷ್ಟವಿಲ್ಲ.

ಬಿಡಿಸಬೇಕಾದ್ದು ಮೂರು ಸಂಗತಿ. ಒಡೆದ ಗುಳ್ಳೆ ಮೇಲೆ ಅರೆದ ಬೇವು ಅರಿಶಿನ ಮೆತ್ತೋದು ಬೇಡ, ಒರಳಿನ ಕೊಳೆ ಒಳಗೆ ಸೇರಿ ಕೀವಾಗುತ್ತೆ. ಮಕ್ಕಳಲ್ಲಿ ಈ ಕಾಯಿಲೆಯ ಅತಿ ಸಾಮಾನ್ಯ ತೊಡಕೇ ಅದು. ‘ನೀರು ಹಾಕೋ’ ದಿನದವರೆಗೂ ಮೈ ತೊಳೆಯಬಾರದು ಅನ್ನೋದೂ ಬೇಡ. ದಿನಾ ಉಗುರುಬೆಚ್ಚಗಿನ ನೀರು ಹಾಕಿ, ಉಜ್ಜದೆ, ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ. ಬರೀ ಗಂಜಿ ಕೊಟ್ಟು ಉಪವಾಸ ಕೆಡವೋದಂತೂ ಬೇಡವೇ ಬೇಡ. ಮೊಸರನ್ನ, ತಿಳಿಸಾರು, ಬಾಳೆಹಣ್ಣು, ಎಳನೀರು, ನುಂಗೋಕಾಗೋದು ಏನಿದ್ದರೂ ಕೊಡಿ. ಮೊಟ್ಟೆ ತಿನ್ನೋ ಮನೆಯಾದರೆ ಅತ್ತೆ ಗುಡಿಗೆ ಹೋದಾಗ ಒಂದು ಬೇಯಿಸಿ ಕೊಡಿ, ದುಗ್ಗಮ್ಮ ಬೇಸರ ಮಾಡ್ಕೊಳ್ಳೋದಿಲ್ಲ.

ಇಷ್ಟರ ಜತೆ ಉಗುರು ಕತ್ತರಿಸಿ, ಕ್ಯಾಲಮೈನ್ ಲೋಷನ್ ಹಚ್ಚಿ, ಜ್ವರ ಇದ್ದಾಗ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಿರಪ್ ಕೊಡಿ. ಆಸ್ಪಿರಿನ್ ಇರೋ ಯಾವ ಮಾತ್ರೆಯೂ ಕೂಡದು. ಈ ಕಾಯಿಲೆಯಲ್ಲಿ ಅದು ಮಕ್ಕಳ ಮೆದುಳು, ಯಕೃತ್ತು ಎರಡನ್ನೂ ಕೆಡಿಸಬಹುದು. ಐಬುಪ್ರೊಫೆನ್ ಕೂಡ ಬೇಡ. ಇನ್ನೊಂದು ನಮ್ಮ ಊರಿನ ಚಟ: ‘ಒಂದು ಸೂಜಿ ಹಾಕಿಸಿಬಿಡಿ, ಸಂಜೆಗೆ ಇಳಿಯುತ್ತೆ’. ಆ ಸೂಜಿಯಲ್ಲಿ ಎಷ್ಟೋ ಸಲ ಸ್ಟಿರಾಯ್ಡ್ ಇರುತ್ತೆ. ಚಿಕನ್‌ಪಾಕ್ಸ್ ಇರೋ ಮೈಗೆ ಸ್ಟಿರಾಯ್ಡ್ ಬಿದ್ದರೆ ವೈರಸ್‌ಗೆ ಬಾಗಿಲು ತೆಗೆದು ಕೊಟ್ಟ ಹಾಗೆ. ಆಂಟಿಬಯಾಟಿಕ್ ವೈರಸ್‌ಗೆ ಏನೂ ಮಾಡಲ್ಲ, ಗುಳ್ಳೆಗೆ ಕೀವು ತುಂಬಿದರೆ ಮಾತ್ರ ಡಾಕ್ಟರು ಬರೀತಾರೆ.

ಹುಡುಗನನ್ನು ಆಟೋ ಹತ್ತಿಸಿ ಚಿಗಟೇರಿ ಆಸ್ಪತ್ರೆಗೋ ಮಕ್ಕಳ ಡಾಕ್ಟರ ಹತ್ತಿರವೋ ಓಡಬೇಕಾದ್ದು ಯಾವಾಗ ಅಂದರೆ: ಇಳಿದ ಜ್ವರ ಮತ್ತೆ ಏರಿದರೆ ಅಥವಾ ನಾಲ್ಕು ದಿನ ದಾಟಿದರೂ ಬಿಡದಿದ್ದರೆ, ಗುಳ್ಳೆ ಸುತ್ತ ಕೆಂಪಗೆ ಬಿಸಿಯಾಗಿ ಹರಡುತ್ತಾ ನೋಯುತ್ತಿದ್ದರೆ, ಉಸಿರು ಏದುಸಿರಾದರೆ, ವಾಂತಿ ನಿಲ್ಲದಿದ್ದರೆ, ಕರೆದರೆ ಕಣ್ಣು ಬಿಡದೆ ತೂಕಡಿಸಿದರೆ, ನಡೆಯುವಾಗ ತೂರಾಡಿದರೆ. ಆ ಕೊನೆಯದನ್ನು ಮನೆಯವರು ‘ನಿಶ್ಶಕ್ತಿ’ ಅಂದುಕೊಂಡು ಬಿಟ್ಟುಬಿಡ್ತಾರೆ. ಕಿರುಮೆದುಳಿಗೆ ಊತ ಬಂದಾಗ ಮಗು ಹಾಗೆ ಓಲಾಡುತ್ತೆ.

ನೀವು ಕೇಳದೇ ಇರೋ ಒಂದು ಮಾತು. ಅತ್ತೆಯವರಿಗೆ ಎರಡು ಮೂರು ವಾರದ ಹಿಂದೆ ಸೊಂಟದ ಒಂದು ಪಕ್ಕಕ್ಕೋ ಬೆನ್ನಿಗೋ ಸರ್ಪಸುತ್ತು ಆಗಿತ್ತಾ? ಕೆಮ್ಮಣ್ಣು ಹಚ್ಚಿಸಿಕೊಂಡಿದ್ದರಾ? ಸರ್ಪಸುತ್ತು ಮಾಡೋದೂ ಇದೇ ವೈರಸ್. ಚಿಕ್ಕಂದಿನಲ್ಲಿ ಅಮ್ಮ ಆಗಿ ಹೋದ ಮೇಲೆ ಅದು ನರದ ಬುಡದಲ್ಲಿ ಮಲಗಿದ್ದು, ವಯಸ್ಸಾದಾಗ ಏಳುತ್ತೆ. ಆ ಗುಳ್ಳೆಯ ನೀರು ತಗುಲಿದ ಮಗುವಿಗೆ ಚಿಕನ್‌ಪಾಕ್ಸ್ ಬರಬಹುದು. ತಲೆ ಬಾಲ ಕೂಡಿದರೆ ಸಾವು ಅನ್ನೋ ಮಾತು ಕೇಳಿರ್ತೀರಿ. ಸರ್ಪಸುತ್ತು ಮೈಯ ಒಂದೇ ಪಕ್ಕದ ನರ ಹಿಡಿದು ಹೋಗೋದು, ಸಾಮಾನ್ಯವಾಗಿ ನಡುಗೆರೆ ದಾಟೋದೇ ಇಲ್ಲ. ಇದನ್ನು ತಪ್ಪು ಹೊರಿಸೋಕೆ ಕೇಳ್ತಿಲ್ಲ, ಮತ್ತೆ ಅಂಗನವಾಡಿಯಿಂದಲೂ ಬಂದಿರಬಹುದು.

ಸರ್ಕಾರದ ಉಚಿತ ಪಟ್ಟಿಯಲ್ಲಿ ಚಿಕನ್‌ಪಾಕ್ಸ್ ಲಸಿಕೆ ಇಲ್ಲ. ಮಂಗನಬಾವಿನದೂ ಇಲ್ಲ, ಎಂಆರ್‌ನಲ್ಲಿರೋದು ದಡಾರ ಮತ್ತು ರುಬೆಲ್ಲಾ ಮಾತ್ರ. ಚಿಕನ್‌ಪಾಕ್ಸ್, ಮಂಗನಬಾವು ಎರಡರ ಲಸಿಕೆಯನ್ನೂ ಖಾಸಗಿಯಲ್ಲಿ ದುಡ್ಡು ಕೊಟ್ಟು ಹಾಕಿಸಬೇಕು. ಹುಟ್ಟೋ ಕೂಸಿಗೆ ವರ್ಷ ತುಂಬಿದ ಮೇಲೆ ಡಾಕ್ಟರನ್ನು ಕೇಳಿ. 2017ರ ಫೆಬ್ರವರಿಯಲ್ಲಿ 9 ತಿಂಗಳಿಂದ 15 ವರ್ಷದವರೆಗಿನ ಮಕ್ಕಳಿಗೆ ಎಂಆರ್ ಅಭಿಯಾನ ನಡೆದಾಗ, ವಾಟ್ಸಾಪ್‌ನಲ್ಲಿ ಏನೇನೋ ಓದಿಕೊಂಡು ಶಾಲೆಯಿಂದ ಮಕ್ಕಳನ್ನು ಎಳೆದುಕೊಂಡು ಹೋದ ಅಪ್ಪಂದಿರನ್ನು ನಾನೇ ನೋಡಿದ್ದೀನಿ. ಬೇವಿಗೆ ಹೋಲಿಸಿದರೆ ಆ ಮೆಸೇಜುಗಳು ಮಾಡಿದ ಹಾಳು ಹೆಚ್ಚು.

ಕೊನೆಗೆ ತೊಟ್ಟಿಲು. ಇಲ್ಲಿ ಎಲ್ಲರೂ ಉಲ್ಟಾ ಲೆಕ್ಕ ಹಾಕ್ತಾರೆ. ಹುಡುಗನ ಎಲ್ಲ ಗುಳ್ಳೆಯೂ ಒಣಗಿ ಹೊಪ್ಪಳೆಯಾಗಿ, ಹೊಸದು ಏಳೋದು ನಿಂತರೆ ಅವನಿಂದ ಯಾರಿಗೂ ಅಂಟೋದಿಲ್ಲ. ಮುಂದಿನ ವಾರಕ್ಕೆ ಬಹುಶಃ ಅಷ್ಟಾಗಿರುತ್ತೆ. ಆದರೆ ಈ ವೈರಸ್ ಮೈ ಹೊಕ್ಕ ಮೇಲೆ ಗುಳ್ಳೆ ಏಳೋಕೆ 10ರಿಂದ 21 ದಿನ ಹಿಡಿಯುತ್ತೆ. ಅಂದರೆ ಮೈಮೇಲೆ ಒಂದು ಚುಕ್ಕೆಯೂ ಇಲ್ಲದೆ ಆರೋಗ್ಯವಾಗಿ ಕಾಣೋ ನೀವೂ ನಿಮ್ಮ ಯಜಮಾನರೂ ಆ ದಿನ ಬಾಣಂತಿ ಕೋಣೆಗೆ ಅದನ್ನು ಹೊತ್ತೊಯ್ಯಬಹುದು. ತಂಗಿಗೆ ಹಿಂದೆ ಅಮ್ಮ ಆಗಿರದಿದ್ದರೆ ಅವಳಿಗೂ ಕೂಸಿಗೂ ಅಪಾಯ. ರಕ್ತಪರೀಕ್ಷೆ ಪಾಸಿಟಿವ್ ಬಂದವರು ಹೋಗಿ ಬನ್ನಿ. ಬಾರದವರು ಹುಡುಗನಿಂದ ಅಂಟೋದು ನಿಂತ ದಿನದಿಂದ ಮೂರು ವಾರ, ಆ ಇಮ್ಯುನೊಗ್ಲೋಬ್ಯುಲಿನ್ ಹಾಕಿಸಿಕೊಂಡಿದ್ದರೆ ನಾಲ್ಕು ವಾರ, ಇಲ್ಲೇ ಇರಿ. ತೊಟ್ಟಿಲ ಹೊತ್ತಿಗೆ ವಿಡಿಯೋ ಕಾಲ್ ಮಾಡಿಸಿಕೊಳ್ಳಿ, ಉಡಿಯ ಸಾಮಾನು ಅತ್ತೆಯವರ ಕೈಯಲ್ಲಿ ಕಳಿಸಿ. ಸಣ್ಣವರಿದ್ದಾಗ ಅಮ್ಮ ಆಗಿದ್ದು ಅವರಿಗೆ ನೆನಪಿದ್ದರೆ ಅವರು ಹೋಗೋದಕ್ಕೆ ಅಡ್ಡಿಯಿಲ್ಲ.