ಹಾಳೆಯ ಮೇಲೆ ಕುಮಟಾ ಬಸ್ಸು

ಪ್ರಶ್ನೆ: ನನ್ನ ಮಗನಿಗೆ ನಾಲ್ಕೂವರೆ ವರ್ಷ. ಅಂಗಳದಲ್ಲಿ ಅಡಿಕೆ ಹಾಳೆಯ ಮೇಲೆ ಕುಳಿತು ಅದನ್ನೇ ಕುಮಟಾ ಬಸ್ಸೆಂದು ಗಂಟೆಗಟ್ಟಲೆ ಓಡಿಸುತ್ತಾನೆ. ತಾನೇ ಡ್ರೈವರ್, ತಾನೇ ಕಂಡಕ್ಟರ್; ಜೊತೆಗೆ ಇಲ್ಲದ ತಮ್ಮನೊಬ್ಬನಿಗೂ ಟಿಕೆಟ್ ಹರಿಯುತ್ತಾನೆ. ಅತ್ತೆಯವರು ಇದನ್ನು ಸುಳ್ಳು ಹೇಳುವ ಚಾಳಿ ಎನ್ನುತ್ತಾರೆ. ಆ ಹೊತ್ತಿನಲ್ಲಿ ಅಕ್ಷರ ತಿದ್ದಿಸಬಾರದೇ?
– ಒಬ್ಬ ತಾಯಿ, ಶಿರಸಿ

ಉತ್ತರ: ಸುಳ್ಳು ಹೇಳುವವನಿಗೆ ಎದುರಿನವರು ನಂಬಬೇಕೆಂಬ ಆಸೆ ಇರುತ್ತದೆ. ನಿಮ್ಮ ಮಗನಿಗೆ ಅದಿಲ್ಲ. ಹಾಳೆ ಹರಿದರೆ ಅವನು ತೋಟಕ್ಕೆ ಓಡಿ ಇನ್ನೊಂದನ್ನು ತರುತ್ತಾನೆಯೇ ಹೊರತು ಗ್ಯಾರೇಜಿಗೆ ಒಯ್ಯೋಣ ಎಂದು ಹಟ ಹಿಡಿಯುವುದಿಲ್ಲ. ಇಲ್ಲದ ತಮ್ಮನೂ ಈ ವಯಸ್ಸಿನಲ್ಲಿ ಅಪರೂಪವಲ್ಲ.

ಒಂದೂವರೆ ವರ್ಷದ ಆಸುಪಾಸಿನಲ್ಲಿ ಖಾಲಿ ಲೋಟದಿಂದ ಕುಡಿದಂತೆ ನಟಿಸುವುದರಿಂದ ಮೊದಲಾಗುವ ಈ ಆಟದ ಬಗ್ಗೆ ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ 1933ರ ಉಪನ್ಯಾಸವೊಂದರಲ್ಲಿ ವಿವರವಾಗಿ ಮಾತನಾಡಿದ್ದರು. ಕೋಲನ್ನು ಕುದುರೆಯಾಗಿಸಿಕೊಂಡ ಮಗು ಕಣ್ಣಿಗೆ ಕಾಣುವ ವಸ್ತುವಿನಿಂದ ಅದರ ಅರ್ಥವನ್ನು ಬಿಡಿಸಿಕೊಳ್ಳಲು ಕಲಿಯುತ್ತದೆ ಎಂಬುದು ಅವರ ವಾದ. ಕಾಗದದ ಮೇಲಿನ ಗೆರೆಯೊಂದು 'ಅ' ಎಂಬ ದನಿಗೆ ನಿಂತಿದೆ ಎಂದು ಒಪ್ಪಿಕೊಳ್ಳಲೂ ಇದೇ ಬುದ್ಧಿ ಬೇಕಲ್ಲವೇ? ಆಟದೊಳಗೆ ನಿಯಮವೂ ಇರುತ್ತದೆ ಎಂದು ಅವರು ಹೇಳಿದ್ದರು: ಸ್ನಾನಕ್ಕೆ ಕರೆದರೆ ಒಂದು ನಿಮಿಷ ತಾಳದ ಹುಡುಗ, ಕಂಡಕ್ಟರ್ ಆದೊಡನೆ ಎಲ್ಲರೂ ಹತ್ತುವವರೆಗೆ ಕಾಯುತ್ತಾನೆ, ದೇವಿಮನೆ ಘಟ್ಟದ ತಿರುವಿನಲ್ಲಿ ಯಾರೂ ಏಳಕೂಡದೆಂದು ಗದರುತ್ತಾನೆ.

ಹಾಗೆಂದು ಈ ಆಟದಿಂದಲೇ ಬುದ್ಧಿ ಚುರುಕಾಗುತ್ತದೆಂದು ನಾನು ಭರವಸೆ ಕೊಡಲಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಆಂಜೆಲಿನ್ ಲಿಲ್ಲಾರ್ಡ್ ಮತ್ತು ಸಂಗಡಿಗರು 2013ರಲ್ಲಿ ಹಿಂದಿನ ಅಧ್ಯಯನಗಳನ್ನು ತೂಗಿ ನೋಡಿ, ಅಂಥ ನೇರ ಸಂಬಂಧಕ್ಕೆ ಗಟ್ಟಿ ಪುರಾವೆ ಸಾಲದು ಎಂದಿದ್ದಾರೆ. ಆದ್ದರಿಂದ ಆಟವನ್ನು ಇನ್ನೊಂದು ಟ್ಯೂಷನ್ ಮಾಡಬೇಡಿ. 'ಬಸ್ಸಿಗೆ ಎಷ್ಟು ಚಕ್ರ, ಎಣಿಸು' ಎಂದು ನಡುವೆ ಬಾಯಿ ಹಾಕಿದರೆ ಬಸ್ಸು ಅಲ್ಲಿಗೇ ನಿಲ್ಲುತ್ತದೆ. (ಈ ತಪ್ಪನ್ನು ನನ್ನ ಮಗಳ ವಿಷಯದಲ್ಲಿ ನಾನೂ ಮಾಡಿದ್ದೇನೆ.)

ಮಗು ಕರೆದರೂ ತಿರುಗದಿದ್ದರೆ, ಮಾತು ಹಿಂದುಳಿದಿದ್ದರೆ, ಬೇರೆ ಮಕ್ಕಳನ್ನು ಪೂರ್ತಿ ದೂರವಿಟ್ಟರೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ನಿಮ್ಮ ಪತ್ರದಲ್ಲಿ ಅಂಥ ಲಕ್ಷಣ ಕಾಣಲಿಲ್ಲ. ಜಗುಲಿಯಲ್ಲಿ ಅಡಿಕೆ ಸುಲಿಯುವ ಅತ್ತೆಯವರ ಬಳಿಗೆ ಅವನು ಟಿಕೆಟ್ ಕೇಳಿಕೊಂಡು ಬಂದಾಗ ಅವರು ಒಂದು ಸಿಪ್ಪೆಯನ್ನು ಕೈಗಿತ್ತು, ಚಿಲ್ಲರೆ ವಾಪಸು ಕೇಳಲಿ. ಹಾಳೆಗೆ ಬೋರ್ಡು ಬೇಕೆಂದು ಅವನೇ ಕೇಳಿದ ದಿನ 'ಕುಮಟಾ' ಎಂದು ಬರೆದುಕೊಡಿ. ಅಕ್ಷರ ತಿದ್ದಿಸುವುದನ್ನು ಅಲ್ಲಿಂದ ಆರಂಭಿಸಬಹುದು.